ಬಾಲಾ ದೇವಿಯ ಉದಾಹರಣೆ ಸಾಲದು

'ಯುರೋಪಿನ ಕ್ಲಬ್‌ಗಳ ಬಾಗಿಲು ತೆರೆದಿದೆ, ಇನ್ನು ನಮ್ಮ ಹುಡುಗಿಯರಿಗೆ ಬೇಕಿರೋದು ಛಲ ಮಾತ್ರ' ಅಂತ ಮಹಿಳಾ ಫುಟ್‌ಬಾಲ್ ಬಗ್ಗೆ ನಿಮ್ಮ ಲೇಖನದಲ್ಲಿ ಬಾಲಾ ದೇವಿಯ ಉದಾಹರಣೆ ಕೊಟ್ಟು ಬರೆದಿದ್ದೀರಿ. ಇದೊಂದು ಮಾತನ್ನು ಒಪ್ಪಲಾರೆ. ಮಣಿಪುರದ ಆಟಗಾರ್ತಿ ಬಾಲಾ ದೇವಿ 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದಾಗ ಅವರಿಗೆ 30 ತುಂಬುತ್ತಾ ಇತ್ತು, ಅಷ್ಟು ವರ್ಷ ಆಟ ಉಳಿಸಿಕೊಂಡಿದ್ದಕ್ಕೆ ಮಣಿಪುರ ಪೊಲೀಸ್ ಕೆಲಸದ ಆಸರೆಯೂ ಕಾರಣ ಅಲ್ವಾ? ಅದನ್ನು ನೀವು ಹೇಳಲೇ ಇಲ್ಲ. ನಮ್ಮ ದೇಶದ ಮಹಿಳಾ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ 2024-25ರ ಸೀಸನ್‌ನಲ್ಲಿ ಇದ್ದದ್ದು 8 ತಂಡ, ಒಂದೊಂದಕ್ಕೆ 14 ಪಂದ್ಯ. ಕೆಲವೇ ತಿಂಗಳಲ್ಲಿ ಎಲ್ಲ ಮುಗೀತು. ಉಳಿದ ತಿಂಗಳು ಹುಡುಗಿ ಏನು ತಿನ್ನಬೇಕು?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯವ. ಇಲ್ಲೇ ಪಕ್ಕದ ಮೊಗ್ರಾಲ್‌ನಲ್ಲಿ ಫುಟ್‌ಬಾಲ್ ಅಂದರೆ ಜೀವ, ಸೆವೆನ್ಸ್ (ತಂಡಕ್ಕೆ ಏಳು ಜನರ ಆಟ) ಟೂರ್ನಮೆಂಟ್ ಅಂದರೆ ರಾತ್ರಿಯೆಲ್ಲ ಜನ. ಆದರೆ ಗದ್ದೆಯಲ್ಲಿ ಹುಡುಗರನ್ನೇ ಮೀರಿಸಿ ಆಡುತ್ತಿದ್ದ ನನ್ನ ತಂಗಿಯ ಮಗಳು ಹತ್ತನೇ ಕ್ಲಾಸಿನ ನಂತರ ಬೂಟು ಕಟ್ಟಲಿಲ್ಲ, ಯಾಕೆಂದರೆ ತರಬೇತಿಗೆ ಮನೆ ಬಿಟ್ಟು ದೂರದ ಹಾಸ್ಟೆಲ್‌ಗೆ ಹೋಗಬೇಕಿತ್ತು, ಅಲ್ಲಿ ಎಲ್ಲ ಮಲಯಾಳದಲ್ಲೇ, ಇವಳು ಕನ್ನಡ ಮೀಡಿಯಂ. ಮನೆಯವರು ಬೇಡ ಅಂದದ್ದೂ ಹೌದು, ಸುಳ್ಳು ಯಾಕೆ ಹೇಳಲಿ.

ನಮ್ಮದೇ ಜಿಲ್ಲೆಯ ನೀಲೇಶ್ವರ ಕಡೆಯ ಮಾಳವಿಕಾ 2025ರಲ್ಲಿ ಭಾರತ ತಂಡಕ್ಕೆ ಆಡಿ ಮಂಗೋಲಿಯಾ ವಿರುದ್ಧ ಗೋಲು ಹೊಡೆದಾಗ ನನ್ನ ತಂಗಿಯ ಮಗಳು ಮೊಬೈಲ್ ಹಿಡಿದು ಅದನ್ನೇ ನಾಲ್ಕು ಸಲ ನೋಡಿದಳು. ಅವಳು ಆಟ ಬಿಟ್ಟದ್ದು ಛಲ ಇಲ್ಲದೆ ಅಲ್ಲ ಸಾರ್. ಮುಂದಿನ ಸಲ ಬರೆಯುವಾಗ ಸಂಬಳದ ಬಗ್ಗೆ ಒಂದು ಪ್ಯಾರಾ ಹಾಕಿ.