ವಾಸ್ಕೋ ಕೌಂಟಿ, 1984: ಹೊಸ ಮತದಾರರನ್ನೆಲ್ಲ ಬಾಗಿಲಲ್ಲೇ ತಡೆದದ್ದು ಸರಿಯೇ?

ಅಮೆರಿಕದ ಒರೆಗಾನ್ ರಾಜ್ಯದ ವಾಸ್ಕೋ ಕೌಂಟಿಯ ಜನಸಂಖ್ಯೆ ಆಗ ಸುಮಾರು 21 ಸಾವಿರ. 1984ರ ನವೆಂಬರಿನಲ್ಲಿ ಅಲ್ಲಿನ ಮೂವರು ಸದಸ್ಯರ ಆಡಳಿತ ಮಂಡಳಿಯ ಎರಡು ಸ್ಥಾನಗಳಿಗೆ ಚುನಾವಣೆ ನಡೆಯಬೇಕಿತ್ತು. ನಮ್ಮಲ್ಲಾದರೆ ಪತ್ರಿಕೆಯ ಒಳಪುಟದ ಸುದ್ದಿ. ಆದರೆ ಚುನಾವಣೆಗೆ ಮುನ್ನ ರಜನೀಶರ ಅನುಯಾಯಿಗಳು ಅಮೆರಿಕದ ನಾನಾ ನಗರಗಳಿಂದ ಎರಡು ಸಾವಿರಕ್ಕೂ ಹೆಚ್ಚು ನಿರ್ಗತಿಕರನ್ನು ಬಸ್ಸುಗಳಲ್ಲಿ ತಮ್ಮ ಆಶ್ರಮಕ್ಕೆ ಕರೆತಂದರು. ಚುನಾವಣೆಯ ಹೊಣೆ ಹೊತ್ತಿದ್ದ ಕೌಂಟಿ ಕ್ಲರ್ಕ್ ಅಕ್ಟೋಬರಿನಲ್ಲಿ ಹೊಸ ನೋಂದಣಿಗಳನ್ನೆಲ್ಲ ತಡೆಹಿಡಿದು, ಪ್ರತಿಯೊಬ್ಬರೂ ಖುದ್ದಾಗಿ ವಿಚಾರಣೆಗೆ ಬಂದು ಅರ್ಹತೆ ತೋರಿಸಬೇಕೆಂದರು. ಅದು ಸರಿಯೇ?

ಪರ: ಪಟ್ಟಿ ಕೆಟ್ಟರೆ ಚುನಾವಣೆಯೇ ಕೆಟ್ಟಂತೆ

ಮತದಾರರ ಪಟ್ಟಿ ಹಿಡಿದು ಬೀದಿ ಬೀದಿ ಅಲೆದ ಶಾಲಾ ಮೇಷ್ಟರು ನಾನು. ಪಂಚಾಯಿತಿ ಚುನಾವಣೆ ಹತ್ತಿರ ಬಂತೆಂದರೆ ಒಂದೇ ಹೆಂಚಿನ ಮನೆಯ ನಂಬರಿಗೆ ಹತ್ತೊಂಬತ್ತು ಹೆಸರು ಹುಟ್ಟಿಕೊಂಡದ್ದನ್ನು ಕಂಡಿದ್ದೇನೆ. ಬಾಗಿಲು ತಟ್ಟಿದರೆ ಒಳಗಿದ್ದದ್ದು ಒಬ್ಬ ಅಜ್ಜಿ. "ಎಲ್ಲರೂ ಬೆಂಗಳೂರಿನಲ್ಲಿದ್ದಾರೆ ಮೇಷ್ಟ್ರೇ, ಓಟಿಗೆ ಬರುತ್ತಾರೆ" ಎಂದು ಆಕೆ ನನಗೇ ಸಮಾಧಾನ ಹೇಳಿದ್ದರು. ವಾಸ್ಕೋದ ಕಥೆ ಓದುವಾಗ ನನ್ನ ಮನಸ್ಸು ತಾನಾಗಿ ಆ ಕ್ಲರ್ಕಿನ ಪಕ್ಕಕ್ಕೆ ಹೋಗಿ ನಿಂತದ್ದು ಅದಕ್ಕೇ.

ಅವರ ಕಣ್ಣೆದುರು ಇದ್ದದ್ದು ಬರೀ ಊಹೆಯಲ್ಲ. 1981ರಲ್ಲಿ ಸುಮಾರು 64 ಸಾವಿರ ಎಕರೆ ಕೊಂಡು ನೆಲೆಯೂರಿದ ರಜನೀಶರ ಶಿಷ್ಯರು ಮೊದಲು ಕೈಹಾಕಿದ್ದು ಪಕ್ಕದ ಆಂಟಿಲೋಪ್ ಎಂಬ ಪುಟ್ಟ ಊರಿಗೆ. ಐವತ್ತರ ಆಸುಪಾಸಿನ ಜನಸಂಖ್ಯೆ, ಅದರಲ್ಲೂ ನಿವೃತ್ತರೇ ಹೆಚ್ಚು. ಅಲ್ಲಿ ಮನೆ ಕೊಂಡರು, ಹೆಸರು ಸೇರಿಸಿದರು, ಊರಿನ ಆಡಳಿತ ಗೆದ್ದರು. ಆಶ್ರಮದ ಪೊಲೀಸರು ಬೀದಿಗಳಲ್ಲಿ ಗಸ್ತು ತಿರುಗಿದರು. 1984ರಲ್ಲಿ ಊರಿನ ಹೆಸರೇ 'ರಜನೀಶ್' ಎಂದಾಯಿತು.

ಕೌಂಟಿಯೂ ಕೈಗೆ ಬಂದರೆ ಲಾಭವೇನು ಎಂದು ಕೇಳಬಹುದು. ಒರೆಗಾನಿನ 1973ರ ಭೂಬಳಕೆ ಕಾನೂನು ಕೃಷಿಭೂಮಿಯಲ್ಲಿ ನಗರ ಎಬ್ಬಿಸಲು ಸುಲಭವಾಗಿ ಬಿಡುವುದಿಲ್ಲ. ಕಟ್ಟಡದ ಪರವಾನಗಿ, ರಸ್ತೆ, ಭೂಮಿಯ ಬಳಕೆ ಇವೆಲ್ಲ ಆ ಮೂವರ ಮೇಜು ದಾಟಿ ಹೋಗಬೇಕು. (ಆ ಮಂಡಳಿಯ ಹೆಸರು 'ಕೌಂಟಿ ಕೋರ್ಟ್', ಅಧ್ಯಕ್ಷರ ಪದವಿ 'ಜಡ್ಜ್'. ಹೆಸರಿಗೆ ಹೆದರಬೇಡಿ, ಕೆಲಸವೆಲ್ಲ ನಮ್ಮ ಪಂಚಾಯಿತಿಯದೇ.) ಮೂರರಲ್ಲಿ ಎರಡು ಗೆದ್ದರೆ ಆಶ್ರಮದವರು ಎಬ್ಬಿಸುತ್ತಿದ್ದ ರಜನೀಶ್‌ಪುರಂ ಎಂಬ ನಗರಕ್ಕೆ ಅಡ್ಡಿ ಹೇಳುವವರೇ ಇರುವುದಿಲ್ಲ.

ಆಗ ಬಂದವು ಬಸ್ಸುಗಳು. ಊಟ, ಬಟ್ಟೆ, ಹಾಸಿಗೆ, ಜೊತೆಗೆ ದಿನಕ್ಕೆರಡು ಬಿಯರ್. ನಿರ್ಗತಿಕರಿಗೆ ಅನ್ನವಿಕ್ಕಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಅನ್ನದಾನಕ್ಕೆ ಚುನಾವಣೆಯ ಪಂಚಾಂಗ ನೋಡಿದ್ದೇಕೆ? ಓಟು ಹಾಕಬೇಕಾದರೆ ಅಲ್ಲಿ ವಾಸವಿರಬೇಕು, ಅಲ್ಲೇ ಉಳಿಯುವ ಮನಸ್ಸೂ ಇರಬೇಕು. ಅದನ್ನು ಕೇಳುವುದು ಕ್ಲರ್ಕಿನ ಕೆಲಸ. ಅವರು ಆಶ್ರಮದವರನ್ನಷ್ಟೇ ಹೆಕ್ಕಿ ತಡೆಯಲಿಲ್ಲ, ಹೊಸದಾಗಿ ಹೆಸರು ಕೊಟ್ಟ ಎಲ್ಲರಿಗೂ ಒಂದೇ ನಿಯಮ ಹಾಕಿದರು. ರಾಜ್ಯದ ಚುನಾವಣೆಗಳ ಹೊಣೆಯಿದ್ದ ಸೆಕ್ರೆಟರಿ ಆಫ್ ಸ್ಟೇಟ್ ನಾರ್ಮಾ ಪೌಲಸ್ ಕ್ಲರ್ಕಿನ ಬೆಂಬಲಕ್ಕೆ ನಿಂತರು. ಮುಂದೆ ಆದದ್ದೇನು? ಓಟಿನಿಂದ ಉಪಯೋಗವಿಲ್ಲ ಎಂದು ಗೊತ್ತಾದದ್ದೇ ತಡ, ಕರೆತಂದವರೇ ಬಹಳಷ್ಟು ಜನರನ್ನು ಒರೆಗಾನಿನ ಊರುಗಳಲ್ಲಿ ಇಳಿಸಿ ಹೋದರು. ಇವರು ನಿಜವಾದ ನಿವಾಸಿಗಳೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಆಶ್ರಮದ ಕಡೆಯಿಂದಲೇ.

ಅದೇ ಶರತ್ಕಾಲದಲ್ಲಿ ಕೌಂಟಿಯ ಮುಖ್ಯ ಪಟ್ಟಣ ದಿ ಡ್ಯಾಲ್ಸ್‌ನ ಹತ್ತು ಹೋಟೆಲುಗಳಲ್ಲಿ, ಬಹುಪಾಲು ಸಲಾಡ್ ಮೇಜುಗಳಲ್ಲಿ, ಸಾಲ್ಮೊನೆಲ್ಲಾ ಎಂಬ ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದವರೂ ಇದೇ ಗುಂಪಿನವರು. 751 ಜನ ಕಾಯಿಲೆ ಬಿದ್ದರು. ಯಾರೂ ಸಾಯಲಿಲ್ಲ ಎಂಬುದೊಂದೇ ಪುಣ್ಯ. ಊರಿನವರು ಹಾಸಿಗೆ ಹಿಡಿದು ಮತಗಟ್ಟೆಗೆ ಬಾರದಿರಲಿ ಎಂಬುದು ಲೆಕ್ಕಾಚಾರ. ಎದುರಾಳಿಯ ಮತದಾರರಿಗೆ ವಿಷವಿಕ್ಕಲೂ ಸಿದ್ಧರಿದ್ದವರು ಸಲ್ಲಿಸಿದ ಅರ್ಜಿಗಳನ್ನು ಎರಡು ಸಲ ಓದಿದ್ದು ತಪ್ಪೇ?

ವಿರೋಧ: ವಿಷ ಬೆರೆಸಿದವರು ಬೇರೆ, ಅರ್ಜಿ ಹಿಡಿದವರು ಬೇರೆ

ಮೇಷ್ಟರು ಕೊನೆಗಿಟ್ಟ ತೂಕದ ಕಲ್ಲನ್ನು ಮೊದಲು ತಕ್ಕಡಿಯಿಂದ ಕೆಳಗಿಳಿಸುತ್ತೇನೆ. 1984ರ ಅಕ್ಟೋಬರಿನಲ್ಲಿ ಆ ವಿಷ ಯಾರ ಕೈಯದೆಂದು ಸಾಬೀತಾಗಿರಲಿಲ್ಲ. ಊರಿನವರಿಗೆ ಗುಮಾನಿಯಿತ್ತು, ನಿಜ. ಆರೋಗ್ಯ ಅಧಿಕಾರಿಗಳು ಬೊಟ್ಟು ಮಾಡಿದ್ದು ಮಾತ್ರ ಹೋಟೆಲು ಕೆಲಸಗಾರರ ಕೈಗಳ ಕಡೆಗೆ. ಮರುವರ್ಷ ಸೆಪ್ಟೆಂಬರಿನಲ್ಲಿ ಸ್ವತಃ ರಜನೀಶರೇ ತಮ್ಮ ಕಾರ್ಯದರ್ಶಿ ಶೀಲಾ ಮೇಲೆ ಆರೋಪ ಹೊರಿಸಿದ ಮೇಲೆಯೇ ತನಿಖೆಯವರು ಆಶ್ರಮದ ಪ್ರಯೋಗಾಲಯದ ಬಾಗಿಲು ತೆರೆಸಿದ್ದು. ಕ್ಲರ್ಕ್ ಕಂಡಿರದಿದ್ದ ಪುರಾವೆಯಿಂದ ಕ್ಲರ್ಕಿನ ಆದೇಶವನ್ನು ಸಮರ್ಥಿಸುವುದು ಹೇಗೆ? ವಿಷ ಬೆರೆಸಿದ್ದು ಬೆರಳೆಣಿಕೆಯ ಮಂದಿ. ಬಾಗಿಲು ಮುಚ್ಚಿದ್ದು ಸಾವಿರಾರು ಜನರಿಗೆ.

ಆಂಟಿಲೋಪಿನ ಕಥೆಗೂ ಇನ್ನೊಂದು ಮಗ್ಗುಲಿದೆ. 1982ರ ಏಪ್ರಿಲಿನಲ್ಲಿ, ಹೊಸಬರು ಗೆಲ್ಲುತ್ತಾರೆಂಬ ಭಯದಿಂದ ಹಳಬರು ತಮ್ಮ ಊರಿನ ಪೌರಾಡಳಿತವನ್ನೇ ರದ್ದು ಮಾಡಲು ಮತದಾನ ನಡೆಸಿದರು. 42 ಪರ, 55 ವಿರೋಧ. ಸೋತರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಲು ಹೊರಟವರನ್ನು ಪ್ರಜಾಪ್ರಭುತ್ವದ ಕಾವಲುಗಾರರೆಂದು ಕರೆಯಲು ನನಗೆ ನಾಲಗೆ ಹೊರಳುವುದಿಲ್ಲ. ಆಶ್ರಮದವರ ನಡವಳಿಕೆ ಅಸಹ್ಯವಾಗಿತ್ತು, ಒಪ್ಪುತ್ತೇನೆ. ಆದರೆ ಅವರು ಅಲ್ಲಿ ಮನೆ ಕೊಂಡು, ಅಲ್ಲಿ ಇದ್ದು, ಓಟು ಹಾಕಿ ಗೆದ್ದವರು.

ಈ ಬಗೆಯ ತಡೆ ಅಮೆರಿಕಕ್ಕೆ ಹೊಸದೂ ಅಲ್ಲ. ಟೆಕ್ಸಾಸ್ ರಾಜ್ಯ ಒಂದು ಕಾಲದಲ್ಲಿ ಹೊರಗಿನಿಂದ ಬಂದು ನೆಲೆಸಿದ ಸೈನಿಕರಿಗೆ ಮತ ನಿರಾಕರಿಸುತ್ತಿತ್ತು. ಸಣ್ಣ ಊರುಗಳು ಸೈನಿಕರ ಪಾಲಾಗುತ್ತವೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. 1965ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಹೇಗೆ ಮತ ಹಾಕಬಹುದು ಎಂಬ ಅಳುಕಿನಿಂದ ಒಂದು ವರ್ಗದ ಜನರನ್ನೇ ಬೇಲಿಯಾಚೆ ಇಡುವಂತಿಲ್ಲ ಎಂದಿತು. ಅದೇ ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ 'ಇಲ್ಲೇ ಉಳಿಯುತ್ತೀರಾ? ಇಲ್ಲಿ ಕೆಲಸ ಸಿಕ್ಕಿದೆಯೇ?' ಎಂಬಂಥ ಪ್ರಶ್ನೆಗಳ ಹಾಳೆ ಕೊಡುತ್ತಿದ್ದರು. ಅದೂ 1979ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ವಾಸ್ಕೋದ ವಿಚಾರಣೆ ಅದೇ ಪ್ರಶ್ನೆಗಳನ್ನು ಬಾಯಿಮಾತಿನಲ್ಲಿ ಕೇಳಿತು, ಅಷ್ಟೆ. ಎಲ್ಲರಿಗೂ ಒಂದೇ ನಿಯಮ ಎನ್ನುತ್ತಾರೆ ಮೇಷ್ಟರು. ಯಾರಿಗಾಗಿ ಆ ನಿಯಮ ಬಂತೆಂಬುದು ಇಡೀ ಕೌಂಟಿಗೆ ಗೊತ್ತಿತ್ತು. ಆಶ್ರಮದಿಂದ ದಿ ಡ್ಯಾಲ್ಸ್‌ಗೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಜೇಬಿನಲ್ಲಿ ಕಾಸಿಲ್ಲದವನಿಗೆ ಆ ದೂರವೇ ಅರ್ಧ ತೀರ್ಪು.

ನನ್ನ ಮನಸ್ಸು ತಡೆದು ನಿಲ್ಲುವುದು ಆ ನಿರ್ಗತಿಕರ ಬಳಿಯಲ್ಲೇ. ಅವರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದವರಿದ್ದರು. ಸೇತುವೆಯ ಕೆಳಗೆ ಮಲಗುತ್ತಿದ್ದವನಿಗೆ ಒಂದು ಗುಡಾರ, ಮೂರು ಹೊತ್ತಿನ ಊಟ ಸಿಕ್ಕಿದಾಗ 'ಇದೇ ನನ್ನ ಊರು' ಎಂದು ಅವನಿಗೆ ಅನ್ನಿಸಿರಲಾರದೇ? ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರನನ್ನು 'ಎಷ್ಟು ದಿನ ಇರುತ್ತೀರಿ' ಎಂದು ಯಾರೂ ಕೇಳುವುದಿಲ್ಲ. ಮೇಷ್ಟರಿಗೆ ಗೊತ್ತಿರಬಹುದು: ನಮ್ಮ ಚುನಾವಣಾ ಆಯೋಗದ ನಿಯಮದಂತೆ ಸೂರಿಲ್ಲದವನು ನಮೂನೆ 6ರಲ್ಲಿ ತಾನು ಮಲಗುವ ಜಾಗ ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೇ ಹೋಗಿ ನೋಡಬೇಕು, ಒಂದಕ್ಕಿಂತ ಹೆಚ್ಚು ಸಲ. ನಡೆಯಬೇಕಾದವರು ಅಧಿಕಾರಿಗಳು. ವಾಸ್ಕೋದಲ್ಲಿ ಅದು ತಿರುಗುಮುರುಗಾಯಿತು. ಆ ನಿರ್ಗತಿಕರನ್ನು ಶೀಲಾ ಓಟಿನ ಚೀಟಿಗಳಂತೆ ಎಣಿಸಿದರು, ಕೌಂಟಿ ಕಳ್ಳ ಓಟುಗಳಂತೆ ಎಣಿಸಿತು. ಬೀದಿಗೆ ಬಿದ್ದವರಿಗೆ ಊರಿಗೆ ಮರಳಲು ಬಸ್ ಟಿಕೆಟ್ ಕೊಡಿಸಿದ್ದು ದತ್ತಿ ಸಂಸ್ಥೆಗಳು.

ಒರೆಗಾನ್ ಆವರೆಗೆ ಮತದಾನದ ದಿನವೂ ಹೆಸರು ಸೇರಿಸಲು ಬಿಡುತ್ತಿದ್ದ ಉದಾರ ರಾಜ್ಯ. 1986ರಲ್ಲಿ ಅದು ತನ್ನ ಸಂವಿಧಾನವನ್ನೇ ತಿದ್ದಿ, ಚುನಾವಣೆಗೆ 20 ದಿನ ಮೊದಲೇ ನೋಂದಾಯಿಸಬೇಕೆಂದು ಬರೆದುಕೊಂಡಿತು. ಅಷ್ಟು ಹೊತ್ತಿಗೆ ಶೀಲಾ ಜೈಲಿನಲ್ಲಿದ್ದರು, ರಜನೀಶರು ಅಮೆರಿಕ ಬಿಟ್ಟು ವರ್ಷವಾಗಿತ್ತು, ಆಂಟಿಲೋಪ್ ತನ್ನ ಹಳೆಯ ಹೆಸರಿಗೆ ಮರಳಿತ್ತು. ಅಲ್ಲಿಂದ ಮುಂದೆ ಆ ಗಡುವು ತಡೆದದ್ದು ಬಾಡಿಗೆ ಮನೆ ಬದಲಿಸಿ ಬಂದು, ಹೆಸರು ಸೇರಿಸಲು ಒಂದು ವಾರ ತಡಮಾಡಿದವರನ್ನು.