ಶಾಂತಲೆಯ ಕಥೆಯಿಂದ ಕಳೆದುಹೋದ ಸವತಿಗಂಧವಾರಣೆ

ಪ್ರೌಢಶಾಲೆಯಲ್ಲಿದ್ದಾಗ ಗ್ರಂಥಾಲಯದಿಂದ ತಂದ, ರಟ್ಟು ಕಿತ್ತುಹೋಗಿದ್ದ ಐತಿಹಾಸಿಕ ಕಾದಂಬರಿಯೊಂದನ್ನು ರಾತ್ರಿಯೆಲ್ಲ ಓದಿ, ಹೊಯ್ಸಳರ ರಾಣಿ ಶಾಂತಲೆಗಾಗಿ ಅತ್ತವಳು ನಾನು. ಮಕ್ಕಳಿಲ್ಲದ ಕೊರಗು, ಸವತಿಗಾಗಿ ಮಾಡಿದ ತ್ಯಾಗ, ಕೊನೆಗೆ ಶಿವಗಂಗೆಯ ಬೆಟ್ಟದಿಂದ ಪ್ರಪಾತಕ್ಕೆ ಹಾರಿ ಸಾವು: ನಮ್ಮ ಜನರ ಬಾಯಲ್ಲಿ ಉಳಿದಿರುವ ಶಾಂತಲೆ ಇವಳೇ.

ಮೊನ್ನೆ ಶ್ರವಣಬೆಳಗೊಳದ ಚಂದ್ರಗಿರಿ ಹತ್ತಿ, 1123ರಲ್ಲಿ ಆಕೆ ಜೈನ ತೀರ್ಥಂಕರ ಶಾಂತಿನಾಥನಿಗಾಗಿ ಕಟ್ಟಿಸಿದ ಬಸದಿಯ ಮುಂದೆ ನಿಂತಾಗ ಆ ಕಣ್ಣೀರಿನ ಬಗ್ಗೆಯೇ ನನಗೆ ಅನುಮಾನ ಬಂದಿತು. ಬೇಲೂರಿನ ಕುಸುರಿಯನ್ನು ಕಂಡ ಕಣ್ಣಿಗೆ ಅದರ ಗೋಡೆಗಳು ತೀರ ಸರಳವೆನ್ನಿಸುತ್ತವೆ. ಹೆಸರು ಮಾತ್ರ ಸರಳವಲ್ಲ: ಸವತಿಗಂಧವಾರಣ ಬಸದಿ. ಮೈಯ ಗಂಧ ಸೋಕಿದರೆ ಸಾಕು, ಉಳಿದ ಆನೆಗಳು ಚದುರಿ ಓಡುವಂಥ ಮದ್ದಾನೆ ಗಂಧವಾರಣ. ಶಾಸನ ಆಕೆಯನ್ನು 'ಉದ್ವೃತ್ತ ಸವತಿಗಂಧವಾರಣೆ' ಎನ್ನುತ್ತದೆ. ಎಲ್ಲ ಸವತಿಯರಿಗಲ್ಲ, ಸೊಕ್ಕಿದವರಿಗೆ ಮಾತ್ರ ಆಕೆ ಮದ್ದಾನೆ. ಆ ಒಂದು ವಿಶೇಷಣದಲ್ಲಿ ಅಂತಃಪುರದ ಎಷ್ಟು ಜಗಳ, ಎಷ್ಟು ಲೆಕ್ಕಾಚಾರ ಅಡಗಿದೆಯೋ! ಇಂಥ ಬಿರುದನ್ನು ದೇವರ ಮನೆಗೇ ಹೆಸರಾಗಿ ಉಳಿಸಿದ ಹೆಣ್ಣನ್ನು ಬರಿಯ ತ್ಯಾಗಮಯಿಯಾಗಿ ಚಿತ್ರಿಸುವುದು ಅನ್ಯಾಯವೆಂದೇ ನಾನು ನಂಬುತ್ತೇನೆ.

ರಾಜಕಾರಣದ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಚೋಳರಿಂದ ತಲಕಾಡನ್ನು ಕಿತ್ತುಕೊಂಡ, ಶಾಂತಲೆಯ ಪತಿ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಮರುವರ್ಷ ದಂಡನಾಯಕ ಗಂಗರಾಜ ಕಣ್ಣೇಗಾಲದಲ್ಲಿ ಚಾಲುಕ್ಯರ ಬೀಡಿನ ಮೇಲೆ ರಾತ್ರೋರಾತ್ರಿ ಬಿದ್ದ. ವಿಷ್ಣುಭಕ್ತ ರಾಜ, ಜೈನ ದಂಡನಾಯಕ, ಶೈವ ತಂದೆ ಮಾರಸಿಂಗಯ್ಯ, ಜೈನ ತಾಯಿ ಮಾಚಿಕಬ್ಬೆ, ಇವರೆಲ್ಲರ ನಡುವೆ ತನ್ನ ಜೈನ ಧರ್ಮವನ್ನು ಬಿಡದೆ ಪಟ್ಟದರಸಿಯಾಗಿ ಬಾಳಿದವಳನ್ನು ಶಾಸನ 'ಪ್ರತ್ಯುತ್ಪನ್ನ ವಾಚಸ್ಪತಿ' ಎಂದು ಹೊಗಳುತ್ತದೆ, ಅಂದರೆ ಸಮಯಕ್ಕೆ ತಕ್ಕ ಮಾತು ಥಟ್ಟನೆ ಹೊಳೆಯುವವಳು. ಆದರೂ ಮಂತ್ರಾಲೋಚನೆ ನಡೆಯುವಾಗ ನಮ್ಮ ಕಥೆಗಳ ಶಾಂತಲೆ ನೃತ್ಯಮಂಟಪದಲ್ಲೇ ಇರುತ್ತಾಳೆ.

ಆಕೆಯ ಸಾವನ್ನು ಹೇಳುವ ಕಲ್ಲಿನಲ್ಲಿ ಪ್ರಪಾತದ ಪ್ರಸ್ತಾಪವೇ ಇಲ್ಲ. 1131ರ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಿವಗಂಗೆಯಲ್ಲಿ 'ಮುಡಿಪಿ', ಅಂದರೆ ದೇಹ ಬಿಟ್ಟು, ಸ್ವರ್ಗಸ್ಥಳಾದಳು ಎಂದಷ್ಟೇ ಇದೆ. ಕಾದಂಬರಿಕಾರರಿಗೆ ಕಲ್ಪನೆಯ ಹಕ್ಕಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಶಾಸನದ ಮುಂದಿನ ಭಾಗವನ್ನು ಓದಿದಾಗ ನನ್ನ ಗಂಟಲು ಕಟ್ಟಿತು. ಮಗಳು ಹೋದ ಮೇಲೆ ತಾನಿನ್ನು ಇರಲಾಗದೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬರುತ್ತಾಳೆ. ಅನ್ನಾಹಾರ ತೊರೆದು ಸಾವನ್ನು ಬರಮಾಡಿಕೊಳ್ಳುವ ಜೈನವ್ರತವಾದ ಸಂನ್ಯಸನ ಕೈಗೊಂಡು, ಜಿನನನ್ನು ನೆನೆಯುತ್ತ, ಒಂದು ತಿಂಗಳು ಉಪವಾಸವಿದ್ದು ಗುರುಗಳ ಸಮಕ್ಷಮದಲ್ಲಿ ಪ್ರಾಣ ಬಿಡುತ್ತಾಳೆ. ಆ ಮೂವತ್ತು ದಿನಗಳನ್ನು ತಾಯಿಯ ಕಣ್ಣಿನಿಂದ ಯಾರಾದರೂ ಬರೆದರೆ, ಅದನ್ನೂ ಒಂದೇ ರಾತ್ರಿಯಲ್ಲಿ ಓದಲು ನಾನು ಕಾದಿದ್ದೇನೆ.