ಸ್ಪಷ್ಟನೆ: ಮೋಡ ಕವಿದಾಗಲೂ ಸೌರಫಲಕ ಕೆಲಸ ಮಾಡುತ್ತದೆ

‘ಮೋಡ ಕವಿದ ದಿನ ಸೌರಫಲಕದಿಂದ ಒಂದಿಷ್ಟೂ ವಿದ್ಯುತ್ ಬಾರದು, ಮಳೆ ಹೆಚ್ಚಿರುವ ಕಡೆ ಹಾಕಿಸಿದರೆ ಹಣ ದಂಡ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ, ಇದು ಸರಿಯಲ್ಲ. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಬಿಸಿಲಿನ ಕಾವಲ್ಲ, ಮತ್ತು ನೆಲದ ಮೇಲೆ ನೆರಳೇ ಮೂಡದಷ್ಟು ಮಬ್ಬಾದ ಹಗಲಿನಲ್ಲೂ ಮೋಡದಲ್ಲಿ ಚದುರಿದ ಬೆಳಕು ಅದನ್ನು ತಲುಪುತ್ತಿರುತ್ತದೆ. ಇಳುವರಿ ಕುಗ್ಗುವುದಂತೂ ನಿಜ: ದಟ್ಟ ಮೋಡವಿದ್ದಾಗ ಅದು ಸಾಮಾನ್ಯವಾಗಿ ಫಲಕದ ಗರಿಷ್ಠ ಸಾಮರ್ಥ್ಯದ ಶೇ 10ರಿಂದ 25ರಷ್ಟಕ್ಕೆ ಇಳಿಯುತ್ತದೆ, ಕಾರ್ಮೋಡದಡಿ ಇನ್ನೂ ಕಡಿಮೆ. ಆದರೆ ಲೆಕ್ಕವನ್ನು ಇಡೀ ವರ್ಷಕ್ಕೆ ಹಾಕಬೇಕು. ಮೋಡಕ್ಕೆ ಹೆಸರಾದ ಜರ್ಮನಿಯೇ 2023ರಲ್ಲಿ ತನ್ನ ವಿದ್ಯುತ್ತಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸೌರಶಕ್ತಿಯಿಂದ ಪಡೆಯಿತು. ಮಳೆಗೆ ಗಾಜಿನ ಮೇಲಿನ ಧೂಳು ತೊಳೆದುಹೋಗುವುದೂ (ಹಕ್ಕಿಯ ಹಿಕ್ಕೆ ಮಾತ್ರ ಸುಲಭಕ್ಕೆ ಬಿಡದು) ಒಂದು ಲಾಭವೇ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.